ಕೆಲಸದಲ್ಲಿ ಪೆಟ್ಟು ಬಿದ್ದಿದೆ, ಪರಿಹಾರಕ್ಕೆ ವಕೀಲರನ್ನು ಹುಡುಕೋದು ಹೇಗೆ?

ಮಂಜ ನನ್ನ ಚಿಕ್ಕಮ್ಮನ ಮಗ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಪವರ್ ಪ್ರೆಸ್, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಮಷೀನು ಓಡಿಸುತ್ತಿದ್ದ. 2024ರ ಆಗಸ್ಟಿನ ಒಂದು ಸಂಜೆ, ಶಿಫ್ಟ್ ಮುಗಿಯಲು ಅರ್ಧ ಗಂಟೆ ಇತ್ತು. ಅದರ ಅಚ್ಚಿನ (ಡೈ) ಒಳಗೆ ಸಿಕ್ಕಿಕೊಂಡ ತಗಡಿನ ಚೂರು ತೆಗೆಯಲು ಬಲಗೈ ಹಾಕಿದ, ಪ್ರೆಸ್ ಇಳಿಯಿತು. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು. ಓನರ್ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಬಿಲ್ಲನ್ನೂ ಕಟ್ಟಿದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ‘ಹೇಗಾಯ್ತು?’ ಅಂತ ಕೇಳಿದಾಗ ಮಂಜನ ಬದಲು ಅವರೇ ಉತ್ತರ ಕೊಟ್ಟರು. ‘ಮನೇಲಿ ಗ್ರೈಂಡರ್‌ಗೆ ಕೈ ಕೊಟ್ಟುಬಿಟ್ಟ ಸಾರ್.’

ಡಾಕ್ಟರ್ ಹಾಗೇ ಬರೆದುಕೊಂಡರು. ಆ ಒಂದು ಸಾಲು ಸುಳ್ಳು ಎಂದು ತೋರಿಸಲು ನಮಗೆ ಎಂಟು ತಿಂಗಳು ಹಿಡಿಯಿತು.

ಆ ಓಡಾಟದಲ್ಲಿ ಮೂವರು ವಕೀಲರನ್ನು ನೋಡಿದೆವು. ಅವರಲ್ಲಿ ಇಬ್ಬರನ್ನು ಬಿಟ್ಟೆವು. ಯಾಕೆ ಬಿಟ್ಟೆವು, ಮೂರನೆಯವರನ್ನು ಯಾಕೆ ಹಿಡಿದೆವು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ವಕೀಲನಲ್ಲ. ಕೋರ್ಟಿನ ಬೆಂಚಿನ ಮೇಲೆ ಕೂತು ಕಲಿತದ್ದು ಇಷ್ಟು.

ಮೊದಲ ಹೆಜ್ಜೆ: ವಕೀಲರಿಗಿಂತ ಮುಂಚೆ ಆಸ್ಪತ್ರೆಯ ಕಾಗದ

ಆಸ್ಪತ್ರೆಯ ದಾಖಲೆಯಲ್ಲಿ ‘ಗಾಯ ಹೇಗಾಯಿತು’ ಎಂದು ಬರೆಯುವ ಜಾಗ ಇರುತ್ತದೆ. ಮುಂದೆ ಕೇಸು ನಡೆದರೆ ಎದುರಿನ ವಕೀಲರು ಮೊದಲು ತೆಗೆಯುವ ಹಾಳೆ ಅದೇ. ಕೆಲಸದ ಜಾಗದಲ್ಲಿ, ಇಂಥ ಮಷೀನಿನಲ್ಲಿ, ಇಷ್ಟು ಗಂಟೆಗೆ ಎಂದು ಅಲ್ಲಿ ಸರಿಯಾಗಿ ಬರೆಸಿ. ಗಾಯಗೊಂಡವರಿಗೆ ಮಾತಾಡುವ ಶಕ್ತಿ ಇಲ್ಲದಿದ್ದರೆ ಮನೆಯವರೋ ಜೊತೆ ಕೆಲಸ ಮಾಡುವವರೋ ಹೇಳಬೇಕು, ಆ ಉತ್ತರವನ್ನು ಓನರ್‌ಗೆ ಬಿಡಬೇಡಿ. ಪೊಲೀಸರಿಗೆ ತಿಳಿಸಬೇಕಾದ ಕೇಸು, ಅಂದರೆ ಎಂಎಲ್‌ಸಿ ಎಂದು ದಾಖಲಾಯಿತಾ ಎಂದೂ ಕೇಳಿ ನೋಡಿ. ‘ಪೊಲೀಸ್ ಗೀಲೀಸ್ ಯಾಕೆ, ನಾನಿದ್ದೀನಲ್ಲ’ ಎಂದು ಯಾರಾದರೂ ಅಂದರೆ ಅಂದೇ ಎಚ್ಚರವಾಗಿ.

ತಪ್ಪು ಬರೆದಾಗಿದ್ದರೆ ಕೈ ಕಟ್ಟಿ ಕೂರಬೇಡಿ. ಪ್ರಜ್ಞೆ ಬಂದ ಮೇಲೆ ಡ್ಯೂಟಿ ಡಾಕ್ಟರಿಗೆ ಗಾಯಾಳುವೇ ಸರಿಯಾದ ವಿಷಯ ಹೇಳಿ ಕೇಸ್ ಶೀಟಿನಲ್ಲಿ ಬರೆಸಬಹುದು. ಠಾಣೆಗೆ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಓನರ್‌ಗೂ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಇಂಥ ದಿನ, ಇಂಥ ಮಷೀನಿನಲ್ಲಿ ನನಗೆ ಹೀಗಾಯಿತು ಎಂಬಷ್ಟು ನಾಲ್ಕು ಸಾಲು ಸಾಕು. ಅಪಘಾತದ ನೋಟಿಸನ್ನು ಆದಷ್ಟು ಬೇಗ ಕೊಡಬೇಕು ಎಂದು ಕಾನೂನೇ ಹೇಳುತ್ತದೆ, ಆ ಕೆಲಸವೂ ಇದರಲ್ಲೇ ಮುಗಿಯುತ್ತದೆ.

ಇನ್ನೊಂದು ಮಾತು. ಮಷೀನಿನ ಫೋಟೋ, ಜೊತೆಗಾರರ ನಂಬರ್, ವಾಟ್ಸಾಪ್ ಗುಂಪಿನಲ್ಲಿ ಸೂಪರ್‌ವೈಸರ್ ಹಾಕಿದ ‘ನಾಳೆ ಎಲ್ರೂ ಎಂಟಕ್ಕೆ ಬನ್ನಿ’ ಥರದ ಮೆಸೇಜು, ಯುಪಿಐನಲ್ಲಿ ಬಂದ ಸಂಬಳ ಎಲ್ಲವನ್ನೂ ಮೊದಲ ವಾರದಲ್ಲೇ ತೆಗೆದಿಟ್ಟುಕೊಳ್ಳಿ. ಮಂಜನಿಗೆ ಅಪಾಯಿಂಟ್‌ಮೆಂಟ್ ಲೆಟರೂ ಇರಲಿಲ್ಲ, ಸಂಬಳದ ಚೀಟಿಯೂ ಇರಲಿಲ್ಲ. ಅವನು ಅಲ್ಲಿ ಕೆಲಸಕ್ಕಿದ್ದ ಎಂದು ತೋರಿಸಿದ್ದು ಹನ್ನೊಂದು ತಿಂಗಳ ಫೋನ್‌ಪೇ ಎಂಟ್ರಿಗಳು. ವಾರದ ನಂತರ ಅವನನ್ನು ಆ ವಾಟ್ಸಾಪ್ ಗುಂಪಿನಿಂದ ತೆಗೆದರು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಹೊಡೆದುಕೊಂಡಿದ್ದೆವು.

ಎರಡನೇ ಹೆಜ್ಜೆ: ನಿಮ್ಮದು ಯಾವ ಬಾಗಿಲು?

ಜನ ನೇರವಾಗಿ ವಕೀಲರನ್ನು ಹುಡುಕಲು ಹೊರಟು ಎಡವುವುದು ಇಲ್ಲೇ. ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಬರುವ ಬಾಗಿಲು ಒಂದೇ ಅಲ್ಲ. ನಿಮ್ಮದು ಯಾವುದು ಎಂದು ಗೊತ್ತಾದ ಮೇಲೆ ಎಂಥ ವಕೀಲರು ಬೇಕು, ಅಸಲಿಗೆ ವಕೀಲರು ಬೇಕೇ ಎಂಬುದೂ ಗೊತ್ತಾಗುತ್ತದೆ.

ಮೊದಲನೆಯದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಜಾಗ, ಸಂಬಳ ತಿಂಗಳಿಗೆ 21,000 ರೂಪಾಯಿಯ ಒಳಗೆ ಇದ್ದರೆ ಸಾಮಾನ್ಯವಾಗಿ ಇಎಸ್‌ಐ ಇರಬೇಕು. ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಿದ್ದರಾ ನೋಡಿ. ಹಿಡಿದದ್ದನ್ನು ಕಟ್ಟಿದ್ದಾರಾ ಎಂಬುದು ಬೇರೆ ಪ್ರಶ್ನೆ, ಅದನ್ನು ನಿಮ್ಮ ಇಎಸ್‌ಐ ನಂಬರ್ ಹಾಕಿ ಪೋರ್ಟಲ್‌ನಲ್ಲಿ ನೋಡಬಹುದು. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಎಂಬ ಲೆಕ್ಕ ಇಲ್ಲ. ಸೇರಿ ಮೂರನೇ ದಿನಕ್ಕೆ ಗಾಯವಾದರೂ ಸೌಲಭ್ಯ ಉಂಟು. ಗುಣವಾಗುವವರೆಗೆ ಸಂಬಳದ ಶೇಕಡಾ 90ರಷ್ಟು ಹಣ ಬರುತ್ತದೆ. ಅಂಗ ಊನವಾಗಿ ಉಳಿದರೆ ಮೆಡಿಕಲ್ ಬೋರ್ಡ್ ಶೇಕಡಾವಾರು ಹಾಕುತ್ತದೆ, ಅದರ ಮೇಲೆ ಜೀವನಪೂರ್ತಿ ಹಣ. ಇದಕ್ಕೆಲ್ಲ ವಕೀಲರು ಬೇಕಿಲ್ಲ. ಓನರ್ ಅಪಘಾತದ ವರದಿ ಕಳಿಸಬೇಕು, ನೀವು ಬ್ರಾಂಚ್ ಆಫೀಸಿಗೆ ಓಡಾಡಬೇಕು. ಬೋರ್ಡ್ ಹಾಕಿದ ಶೇಕಡಾ ತೀರಾ ಕಡಿಮೆ ಎನಿಸಿದಾಗ, ಇಲ್ಲವೇ ‘ಇದು ಕೆಲಸದ ಗಾಯವಲ್ಲ’ ಎಂದು ತಳ್ಳಿಹಾಕಿದಾಗ ಇಎಸ್‌ಐ ಕೋರ್ಟಿನಲ್ಲಿ ನಡೆಸಿ ಗೊತ್ತಿರುವ ವಕೀಲರನ್ನು ಹುಡುಕಿ.

ಇಎಸ್‌ಐ ವ್ಯಾಪ್ತಿಯಲ್ಲಿರುವವರು ಅದೇ ಗಾಯಕ್ಕೆ ಓನರ್ ಮೇಲೆ ಬೇರೆ ಪರಿಹಾರದ ಕೇಸು ಹಾಕುವಂತಿಲ್ಲ. ಆ ಬಾಗಿಲು ಮುಚ್ಚಿದೆ. ಇದನ್ನು ಕೇಳಿಕೊಳ್ಳದೆ ಫೀಸು ತೆಗೆದುಕೊಂಡು ಕೇಸು ಹಾಕುವವರೂ ಇದ್ದಾರೆ. ಎರಡು ವರ್ಷ ಆದ ಮೇಲೆ ಅರ್ಜಿ ವಜಾ, ಅಷ್ಟೇ.

ಎರಡನೆಯದು ಓನರೇ ಕೊಡಬೇಕಾದ ಪರಿಹಾರ. ಇದು 1923ರ ಕಾಯ್ದೆ. ‘ವರ್ಕ್‌ಮೆನ್ಸ್ ಕಾಂಪನ್ಸೇಷನ್’ ಎಂದೇ ಹಳಬರಿಗೆಲ್ಲ ಗೊತ್ತು, 2010ರಿಂದ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಈ ಪರಿಹಾರದ ಅಧ್ಯಾಯ ಅದರೊಳಗೆ ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವನ್ನೂ ಅದು ಹೆಸರಿಟ್ಟು ಹೇಳುತ್ತದೆ, ಕೆಲಸಕ್ಕೂ ಆ ಅಪಘಾತದ ಹೊತ್ತು, ಜಾಗಕ್ಕೂ ನಂಟು ಇರಬೇಕು. ಮಂಜನ ಶೆಡ್ಡಿನಲ್ಲಿದ್ದದ್ದು ಏಳು ಜನ, ಇಎಸ್‌ಐ ಇಲ್ಲ. ಅಪಘಾತ 2024ರದ್ದು. ಹಾಗಾಗಿ ಅವನದು ಹಳೆ ಕಾಯ್ದೆಯ ಕೇಸು.

ಮೂರನೆಯದು ವಾಹನ. ಲಾರಿ ಡ್ರೈವರ್, ಕ್ಲೀನರ್, ಕಬ್ಬಿನ ಟ್ರ್ಯಾಕ್ಟರ್ ಮೇಲೆ ಹೋಗುವ ಹಮಾಲರು ಇವರಿಗೆ ರಸ್ತೆಯಲ್ಲಿ ಅಪಘಾತವಾದರೆ ಎರಡು ದಾರಿ ಇರುತ್ತದೆ, ಮೋಟಾರು ವಾಹನ ಕಾಯ್ದೆ ಇಲ್ಲವೇ ನೌಕರರ ಪರಿಹಾರ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ವಾಹನದ ಕಾಯ್ದೆಯಲ್ಲಿ ಸಂಬಳಕ್ಕೆ ಮಿತಿ ಇಲ್ಲ, ಹಣ ಜಾಸ್ತಿ ಬರಬಹುದು. ಆದರೆ ಬೇರೆಯವರ ತಪ್ಪು ಎಂದು ತೋರಿಸಬೇಕು. ನೌಕರರ ಪರಿಹಾರದಲ್ಲಿ ಯಾರ ತಪ್ಪು ಎಂಬ ಪ್ರಶ್ನೆಯೇ ಮುಖ್ಯವಲ್ಲ. ಡ್ರೈವರ್ ತಾನೇ ಮರಕ್ಕೆ ಗುದ್ದಿದ್ದರೆ ಈ ದಾರಿಯೇ ವಾಸಿ. ಇದನ್ನು ನಿಮ್ಮೆದುರು ಕೂತು ಎರಡೂ ಕಡೆ ಲೆಕ್ಕ ಹಾಕಿ ತೋರಿಸುವ ವಕೀಲರು ಸಿಕ್ಕರೆ ಅವರನ್ನು ಬಿಡಬೇಡಿ.

ಕಟ್ಟಡ ಕೆಲಸದವರಿಗೆ ಒಂದು ವಿಷಯ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದವರು ಸಾಮಾನ್ಯವಾಗಿ ಮೇಸ್ತ್ರಿಯ ಕೈಕೆಳಗೆ ಇರುತ್ತಾರೆ. ಮೇಸ್ತ್ರಿಯ ಮೇಲೆ ಕಂಟ್ರಾಕ್ಟರ್, ಅವರ ಮೇಲೆ ಬಿಲ್ಡರ್. ಬಿದ್ದು ಪೆಟ್ಟಾದರೆ ‘ಅವನು ನಮ್ಮ ಆಳಲ್ಲ’ ಎಂದು ಒಬ್ಬರು ಇನ್ನೊಬ್ಬರ ಕಡೆ ತೋರಿಸುತ್ತಾರೆ. ಕಾನೂನು ಕೆಲಸ ಕೊಟ್ಟ ಮೂಲ ಮಾಲೀಕರನ್ನೂ ಹಿಡಿಯುತ್ತದೆ, ಅರ್ಜಿಯಲ್ಲಿ ಅವರನ್ನೂ ಸೇರಿಸಬೇಕು. ಅಪಘಾತ ಬೆಂಗಳೂರಲ್ಲಾದರೂ ಅರ್ಜಿಯನ್ನು ಬೆಂಗಳೂರಲ್ಲೇ ಹಾಕಬೇಕು ಎಂದೇನೂ ಇಲ್ಲ. ಗಾಯಾಳು ಅಥವಾ ತೀರಿಕೊಂಡವರ ಮನೆಯವರು ವಾಸವಾಗಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪ್ರತಿ ತಾರೀಕಿಗೂ ಸುರಪುರದಿಂದ ರಾತ್ರಿ ಬಸ್ಸು ಹತ್ತಿ ಬರುವುದು ಬೇಕಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅಲ್ಲಿಯ ಅಪಘಾತ ಸಹಾಯಧನಕ್ಕೆ ಬೇರೆ ಅರ್ಜಿ ಹಾಕಿ, ಅದಕ್ಕೆ ವಕೀಲರು ಬೇಡ.

ಮೂರನೇ ಹೆಜ್ಜೆ: ಲೆಕ್ಕ ಗೊತ್ತಿರಲಿ

ವಕೀಲರ ಮುಂದೆ ಕೂರುವ ಮೊದಲು ಸುಮಾರಾಗಿ ಎಷ್ಟು ಬರಬೇಕು ಎಂದು ನೀವೇ ಹಾಕಿ ನೋಡಿ. ಕಷ್ಟವೇನಿಲ್ಲ. ಮಂಜನ ಲೆಕ್ಕವನ್ನೇ ಹೇಳುತ್ತೇನೆ.

ಸಂಬಳ 14,000. ಸಂಬಳ ಎಷ್ಟೇ ಇದ್ದರೂ 2020ರ ಜನವರಿಯಿಂದ ಹಳೆ ಕಾಯ್ದೆಯಲ್ಲಿ 15,000ದವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಂಜನ 14,000ದ ಶೇಕಡಾ 60 ಅಂದರೆ 8,400. ಇದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು, ಅದರ ಪಟ್ಟಿ ಕಾಯ್ದೆಯ ಕೊನೆಯಲ್ಲೇ ಇದೆ. 30 ವರ್ಷಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಮಂಜನಿಗೆ 30. ಗುಣಿಸಿದರೆ 17,47,032 ರೂಪಾಯಿ. ಪೂರ್ತಿ ದುಡಿಯುವ ಶಕ್ತಿಯೇ ಹೋದರೆ ಇಷ್ಟು. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಗಾಯಗಳ ಪಟ್ಟಿಯಲ್ಲಿ ಶೇಕಡಾ 20 ಎಂದಿದೆ. ಹಾಗಾಗಿ 3,49,406 ರೂಪಾಯಿ. ಹೆಬ್ಬೆರಳೊಂದೇ ಹೋಗಿದ್ದರೆ ಶೇಕಡಾ 30 ಆಗುತ್ತಿತ್ತು. ಹಿಡಿಯುವ ಕೆಲಸವೆಲ್ಲ ಹೆಬ್ಬೆರಳಿನದೇ ಅಲ್ವಾ? ಸಾವಾದರೆ 60ರ ಬದಲು 50 ಹಾಕಿ ಇದೇ ರೀತಿ ಗುಣಿಸಬೇಕು.

ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ಅಸಲಿನ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಆಸ್ಪತ್ರೆಯ ಖರ್ಚು ಬೇರೆ, ಅದನ್ನೂ ಓನರ್ ಕೊಡಬೇಕು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ಸಂಬಳದ ಕಾಲು ಭಾಗ ಕೊಡಬೇಕು. ಮಂಜನಿಗಾದರೆ 3,500.

ಓನರ್ ಅವನಿಗೆ ಕೊಡಲು ಬಂದದ್ದು 40,000. ಜೊತೆಗೆ ಒಂದು ಛಾಪಾ ಕಾಗದ, ‘ಇನ್ನು ಮುಂದೆ ನನ್ನದೇನೂ ತಕರಾರಿಲ್ಲ’ ಎಂದು. ಚಿಕ್ಕಮ್ಮ ಪೆನ್ನು ಹುಡುಕುತ್ತಿದ್ದರು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿದವರೂ ಕೇಸು ಹಾಕಬಹುದು. ಆದರೂ ಸಹಿ ಹಾಕದಿರುವುದೇ ಒಳ್ಳೆಯದು. ಸಾವಿನ ಕೇಸಿನಲ್ಲಂತೂ ಓನರ್ ಮನೆಗೆ ಬಂದು ಕೈಗೆ ಕೊಟ್ಟ ದುಡ್ಡು ಪರಿಹಾರ ಎಂದು ಲೆಕ್ಕಕ್ಕೇ ಬರುವುದಿಲ್ಲ, ಅದನ್ನು ಇಂಥ ಕೇಸು ಕೇಳುವ ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು.

ನಾಲ್ಕನೇ ಹೆಜ್ಜೆ: ಎಲ್ಲಿ ಹುಡುಕುವುದು

ಎಲ್ಲಿ ಹುಡುಕಬಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆಸ್ಪತ್ರೆ ವಾರ್ಡಿನಲ್ಲಿ ಮೂರನೇ ದಿನಕ್ಕೇ ಒಬ್ಬರು ಹಣ್ಣಿನ ಚೀಲ ಹಿಡಿದು ಬಂದರು. ಯಾರ ಪರಿಚಯವೂ ಇಲ್ಲ. ‘ನಮ್ಮ ಸಾರ್ ಇದ್ದಾರೆ, ಹತ್ತು ಲಕ್ಷ ಗ್ಯಾರಂಟಿ, ನೀವು ಒಂದು ರೂಪಾಯಿ ಕೊಡೋದು ಬೇಡ, ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ಸಾಕು’ ಅಂದರು. ನಾವೂ ಒಮ್ಮೆ ಹೋಗಿ ಆ ಸಾರನ್ನು ನೋಡಿದೆವು ಅನ್ನಿ. ಅವರು ಮಂಜನ ಕೈಯನ್ನೂ ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ. ಖಾಲಿ ವಕಾಲತ್ತಿನ (ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಒಪ್ಪಿಗೆ ಕೊಡುವ ಕಾಗದ) ಮೇಲೆ ನಾಲ್ಕು ಕಡೆ ಸಹಿ, ಜೊತೆಗೆ ಸಹಿ ಮಾಡಿದ ಎರಡು ಖಾಲಿ ಚೆಕ್ ಕೇಳಿದರು. ಎದ್ದು ಬಂದೆವು.

ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು, ಗೆದ್ದರೆ ಇಷ್ಟು ಎಂದು ಫೀಸು ಮಾತಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ಅಮೆರಿಕದಲ್ಲಿ ಅದು ನಡೆಯುತ್ತದೆ, ಆನ್‌ಲೈನಿನಲ್ಲಿ ಓದುವ ಎಷ್ಟೋ ಸಲಹೆ ಅಲ್ಲಿಯದೇ. ಇಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಏಜೆಂಟರನ್ನು ಬಿಟ್ಟು ಕಕ್ಷಿದಾರರನ್ನು ಹಿಡಿಯುವಂತೆಯೂ ಇಲ್ಲ. ಹಾಗಾಗಿ ‘ನಂಬರ್ ಒನ್ ಪರಿಹಾರ ವಕೀಲರು’ ಎಂಬ ಬೋರ್ಡು ಕಂಡರೆ ಅದೇ ಒಂದು ಗುರುತು ಅಂದುಕೊಳ್ಳಿ.

ಹುಡುಕಬೇಕಾದದ್ದು ಇಂಥ ಕಡೆ. ನಿಮ್ಮ ಏರಿಯಾದಲ್ಲಿ ಸಿಐಟಿಯು, ಎಐಟಿಯುಸಿ ಥರದ ಯೂನಿಯನ್ ಆಫೀಸ್ ಇದ್ದರೆ ಹೋಗಿ ಕೇಳಿ. ನೀವು ಸದಸ್ಯರಲ್ಲದಿದ್ದರೂ ಸಾಮಾನ್ಯವಾಗಿ ಒಂದೆರಡು ಹೆಸರು ಹೇಳುತ್ತಾರೆ. ಕೈಗಾರಿಕಾ ಪ್ರದೇಶದಲ್ಲಿ ಬೆರಳು ಕಳೆದುಕೊಂಡವರು ನೀವೊಬ್ಬರೇ ಅಲ್ಲ. ಟೀ ಅಂಗಡಿಯಲ್ಲಿ ವಿಚಾರಿಸಿದರೆ ಕೇಸು ಮುಗಿಸಿ ಹಣ ಎಣಿಸಿಕೊಂಡವರೇ ಸಿಗುತ್ತಾರೆ. ‘ವಕೀಲರು ಯಾರು’ ಎಂದಷ್ಟೇ ಕೇಳಬೇಡಿ, ‘ಕೊನೆಗೆ ನಿನ್ನ ಕೈಗೆ ಎಷ್ಟು ಬಂತು, ಎಷ್ಟು ದಿನಕ್ಕೆ ಬಂತು’ ಎಂದೂ ಕೇಳಿ.

ಇನ್ನೊಂದು ನನಗೆ ಬಹಳ ಹಿಡಿಸಿದ ದಾರಿ. ಕರ್ನಾಟಕದಲ್ಲಿ ಇಂಥ ಕೇಸುಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರು, ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನವರು ಪರಿಹಾರ ಆಯುಕ್ತರಾಗಿ ಕೇಳುತ್ತ ಬಂದಿದ್ದಾರೆ. ಕೇಸಿನ ನಂಬರಿನ ಮುಂದೆ ಇಸಿಎ ಎಂದಿರುತ್ತದೆ, ಅಂದರೆ ನೌಕರರ ಪರಿಹಾರ ಕಾಯ್ದೆಯ ಕೇಸು. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು. ಒಂದು ಬೆಳಗ್ಗೆ ಕೂತು ನೋಡಿ. ಯಾರು ಕಾಗದ ಸರಿಯಾಗಿ ಇಟ್ಟುಕೊಂಡು ಬರುತ್ತಾರೆ, ಯಾರು ಪ್ರತಿ ಸಲ ‘ಟೈಮ್ ಬೇಕು ಸ್ವಾಮಿ’ ಅನ್ನುತ್ತಾರೆ, ಯಾರು ತಮ್ಮ ಕಕ್ಷಿದಾರರನ್ನು ಗುರುತಿಸಿ ಮಾತಾಡಿಸುತ್ತಾರೆ ಎಂಬುದು ಎರಡು ಗಂಟೆಯಲ್ಲಿ ತಿಳಿಯುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿಯೂ ಹುಡುಕಬಹುದು. ನಿಮ್ಮ ಜಿಲ್ಲೆ, ಕೋರ್ಟ್ ಆರಿಸಿ ಹೆಸರು ಹಾಕಿದರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ಇಸಿಎ ಎಷ್ಟಿವೆ, ಮುಗಿದವು ಎಷ್ಟು, ವಿಮಾ ಕಂಪನಿ ಪರವಾಗಿ ನಿಂತದ್ದು ಎಷ್ಟು ಎಂದು ಎಣಿಸಿ. ನಾವು ಬಿಟ್ಟ ಎರಡನೇ ವಕೀಲರ ಪಟ್ಟಿಯಲ್ಲಿ ಇದ್ದದ್ದೆಲ್ಲ ಆಸ್ತಿ ಪಾಲಿನ ದಾವೆ. ಒಳ್ಳೆ ವಕೀಲರೇ, ನಮ್ಮ ಕೆಲಸದವರಲ್ಲ.

ದುಡ್ಡೇ ಇಲ್ಲ ಅಂದರೆ? ಉಚಿತ ಕಾನೂನು ನೆರವು ಬಡತನದ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಎಲ್ಲರಿಗೂ ಆದಾಯ ನೋಡದೆ ಈ ಹಕ್ಕಿದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕೋಣೆ ಇರುತ್ತದೆ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ನಡೆಯುತ್ತದೆ. 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಅವರು ಕೊಡುವ ವಕೀಲರು ಕೆಲವೊಮ್ಮೆ ಹೊಸಬರಿರುತ್ತಾರೆ. ಪರಿಹಾರದ ಕೇಸು ನಡೆಸಿ ಗೊತ್ತಿರುವವರು ಬೇಕು ಎಂದು ಅರ್ಜಿಯಲ್ಲೇ ಬರೆಯಿರಿ.

ಐದನೇ ಹೆಜ್ಜೆ: ಮೊದಲ ಭೇಟಿ

ಮೂರನೆಯವರ ಆಫೀಸು ಎರಡನೇ ಮಹಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ. ಕೂತ ಕೂಡಲೇ ಕೇಳಿದರು.

‘ಇಎಸ್‌ಐ ಕಟ್ ಆಗ್ತಿತ್ತೇನಪ್ಪ?’

‘ಇಲ್ಲ ಮೇಡಂ.’

‘ಎಷ್ಟು ಜನ ಇದ್ರಿ?’

‘ಏಳು.’

‘ಆಸ್ಪತ್ರೇಲಿ ಏನಂತ ಬರೆಸಿದೀರಾ?’

ಮಂಜ ನನ್ನ ಮುಖ ನೋಡಿದ. ನಾನು ಹಾಳೆ ಮುಂದಿಟ್ಟೆ. ಓದಿ ಕನ್ನಡಕ ತೆಗೆದು, ‘ಇದೇ ನಮಗೆ ತೊಂದರೆ ಕೊಡೋದು’ ಅಂದರು. ಆಮೇಲೆ ಮಂಜನ ಕೈ ಹಿಡಿದು ತಿರುಗಿಸಿ ನೋಡಿದರು. ‘ಚೊಂಬು ಎತ್ತೋಕಾಗುತ್ತಾ? ಅಂಗಿ ಗುಂಡಿ ಹಾಕ್ಕೋತೀಯಾ?’ ಎಂದು ಕೇಳಿದರು. ಎಷ್ಟು ಹಣ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ, ‘ಮೂರೂವರೆ ಲಕ್ಷದ ಹತ್ತಿರ ಅಸಲು. ಜಾಸ್ತಿ ಆಗಬೇಕು ಅಂದರೆ ಡಾಕ್ಟರ್ ಬಂದು ಸಾಕ್ಷಿ ಹೇಳಬೇಕು. ಗ್ಯಾರಂಟಿ ಕೊಡಲ್ಲ’ ಅಂದರು. ನಮ್ಮ ಲೆಕ್ಕವೂ ಅದೇ ಇತ್ತು. ಅಲ್ಲಿಗೆ ನಮ್ಮ ಹುಡುಕಾಟ ಮುಗಿಯಿತು.

ನೀವೂ ವಕೀಲರು ಏನು ಭರವಸೆ ಕೊಡುತ್ತಾರೆ ಎಂದು ನೋಡಬೇಡಿ, ಏನು ಕೇಳುತ್ತಾರೆ ಎಂದು ನೋಡಿ. ಇಎಸ್‌ಐ, ಆಸ್ಪತ್ರೆ ಕಾಗದ, ಸಂಬಳಕ್ಕೆ ದಾಖಲೆ, ವಯಸ್ಸಿಗೆ ದಾಖಲೆ, ಅಪಘಾತದ ತಾರೀಕು, ಓನರ್‌ಗೆ ವಿಮೆ ಇತ್ತಾ, ಈ ಪ್ರಶ್ನೆಗಳು ಬಾರದಿದ್ದರೆ ಅವರಿಗೆ ಈ ಕೆಲಸ ರೂಢಿಯಿಲ್ಲ. ತಾರೀಕು ಯಾಕೆ ಅಂದರೆ ಹಳೆ ಕಾಯ್ದೆಯೋ ಹೊಸ ಸಂಹಿತೆಯೋ ಎಂಬುದು ಅದರ ಮೇಲೆ ನಿಂತಿದೆ. ಅರ್ಜಿ ಹಾಕಲು ಇರುವುದು ಎರಡು ವರ್ಷ, ಅದು ಎಣಿಕೆಯಾಗುವುದೂ ಆ ತಾರೀಕಿನಿಂದಲೇ. ತಡವಾಗಿದ್ದರೆ ಸಾಕಷ್ಟು ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು, ಆದರೆ ಆ ಜಗಳ ಯಾಕೆ ಬೇಕು. ವಾಹನದ ಕಾಯ್ದೆಗೆ ಹೋಗುವವರಿಗೆ ಗಡುವು ಇನ್ನೂ ಚಿಕ್ಕದು, 2022ರ ಏಪ್ರಿಲ್‌ನಿಂದ ಕಾಯ್ದೆ ಹೇಳುವುದು ಆರೇ ತಿಂಗಳು.

ನೀವು ಕೇಳಬೇಕಾದದ್ದೂ ಇದೆ. ‘ಗಾರ್ಡ್ ನೀನೇ ತೆಗೆದೆ ಅಂತ ಓನರ್ ಹೇಳಿದರೆ ಏನು ಮಾಡ್ತೀರಿ?’ ಎಂದು ಕೇಳಿ ನೋಡಿ. ಗಾರ್ಡ್ ಅಂದರೆ ಕೈ ಒಳಗೆ ಹೋಗದಂತೆ ಮಷೀನಿಗೆ ಹಾಕುವ ರಕ್ಷಣೆಯ ತಡೆ. ಮಂಜನ ಓನರ್ ಅದನ್ನೇ ಹೇಳಿದ್ದು. ಬರೀ ಅಜಾಗರೂಕತೆ ಇದ್ದರೆ ಪರಿಹಾರ ತಪ್ಪುವುದಿಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷತೆಯ ಆದೇಶ ಮೀರಿದ್ದರೆ, ಬೇಕೆಂದೇ ಗಾರ್ಡ್ ಕಿತ್ತಿದ್ದರೆ ಮಾತ್ರ ತಪ್ಪಬಹುದು. ಸಾವಾದರೆ, ಪೂರ್ತಿಯಾಗಿ ಶಾಶ್ವತ ಊನವಾದರೆ ಆ ನೆಪಗಳೂ ನಡೆಯುವುದಿಲ್ಲ. ಆ ಪ್ರೆಸ್ಸಿನ ಮೇಲೆ ಗಾರ್ಡ್ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಪೀಸ್ ಲೆಕ್ಕ ಹೊಂದಲಿ ಎಂದು ಮೊದಲೇ ಬಿಚ್ಚಿ ಮೂಲೆಗಿಟ್ಟಿದ್ದರು. ಜೊತೆಗಾರನೊಬ್ಬ ಬಂದು ಅಷ್ಟು ಹೇಳಿದ.

ಆರನೇ ಹೆಜ್ಜೆ: ಫೀಸು, ವಕಾಲತ್ತು

ಫೀಸನ್ನು ಮೊತ್ತವಾಗಿ ಮಾತಾಡಿ, ಪರ್ಸೆಂಟ್ ಲೆಕ್ಕ ಬೇಡ. ನಾವು 25,000ಕ್ಕೆ ಒಪ್ಪಿದೆವು, ಅರ್ಜಿ ಹಾಕುವಾಗ ಒಂದು ಕಂತು, ಸಾಕ್ಷಿ ಹಂತದಲ್ಲಿ ಒಂದು, ಆದೇಶ ಬಂದ ಮೇಲೆ ಒಂದು. ಡಾಕ್ಟರ್ ಸಾಕ್ಷಿಗೆ ಬರುವ ಖರ್ಚು ಬೇರೆ ಎಂದು ಮೊದಲೇ ಹೇಳಿದ್ದರು. ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಾಚಿಕೆ ಪಡುವಂಥದ್ದೇನಿಲ್ಲ.

ವಕಾಲತ್ತಿಗೆ ಸಹಿ ಹಾಕುವ ಮುಂಚೆ ಹೆಸರು, ಕೋರ್ಟು, ಎದುರುದಾರರ ಹೆಸರು ತುಂಬಿದೆಯಾ ನೋಡಿ. ಖಾಲಿ ಚೆಕ್, ಖಾಲಿ ಛಾಪಾ ಕಾಗದ, ಬ್ಯಾಂಕ್ ಪಾಸ್‌ಬುಕ್ ಯಾರ ಕೈಗೂ ಕೊಡಬೇಡಿ. ನಿಮ್ಮ ಪರಿಹಾರದ ಹಣವನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡುವಂತಿಲ್ಲ, ಸಾಲಕ್ಕೆ ಜಪ್ತಿ ಮಾಡುವಂತೆಯೂ ಇಲ್ಲ ಎಂದು ಕಾಯ್ದೆಯೇ ಹೇಳಿದೆ. ಮೂಲ ಕಾಗದ ಕೊಟ್ಟರೆ ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ, ಎಕ್ಸ್‌ರೇ ಫಿಲ್ಮ್ ಸಹಿತ. ಎಕ್ಸ್‌ರೇ ಕಳೆದುಹೋಗುವುದು ಎಷ್ಟು ಮಾಮೂಲು ಎಂದು ಕೋರ್ಟಿನಲ್ಲಿ ಕೂತವರಿಗೇ ಗೊತ್ತು.

ವಕೀಲರು ಸರಿಹೋಗದಿದ್ದರೆ ಬದಲಾಯಿಸಬಹುದು. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ದೂರು ಕೊಡಬೇಕಾದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಇದೆ.

ಏಳನೇ ಹೆಜ್ಜೆ: ಕೇಸು ನಿಲ್ಲುವುದು ಡಾಕ್ಟರ ಮಾತಿನ ಮೇಲೆ

ಅರ್ಜಿ ಹಾಕಿದ ಮೇಲೆ ಜಾಸ್ತಿ ಕೆಲಸ ವಕೀಲರದು. ಒಂದು ಕಡೆ ಮಾತ್ರ ನೀವು ಬೆನ್ನು ಹತ್ತಬೇಕು. ಅದು ಡಾಕ್ಟರ್ ಸಾಕ್ಷಿ.

ಕೈಯಲ್ಲಿ ಎಷ್ಟು ಊನ ಎಂಬುದು ಒಂದು, ಆ ಊನದಿಂದ ದುಡಿಮೆ ಎಷ್ಟು ಹೋಯಿತು ಎಂಬುದು ಇನ್ನೊಂದು. ಬ್ಯಾಂಕಿನಲ್ಲಿ ಕೂತವರಿಗೆ ಎರಡು ಬೆರಳು ಹೋದರೂ ಸಂಬಳ ಅಷ್ಟೇ ಇರಬಹುದು. ಫಿಟ್ಟರ್‌ಗೆ ಹಾಗಲ್ಲ. 1976ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇದಕ್ಕೆ ಇವತ್ತಿಗೂ ಆಧಾರ. ಬಡಗಿಯೊಬ್ಬರ ಎಡಗೈಯನ್ನು ಮೊಣಕೈ ಮೇಲಿಂದ ತೆಗೆಯಬೇಕಾಯಿತು. ಪಟ್ಟಿಯಲ್ಲಿ ಅದಕ್ಕೆ ನೂರಕ್ಕೆ ನೂರಿಲ್ಲ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಹಾಗಾಗಿ ಪೂರ್ತಿ ದುಡಿಮೆಯೇ ಹೋಯಿತು ಎಂದು ಕೋರ್ಟ್ ಒಪ್ಪಿತು. ಪರಿಹಾರ ಕೊಡುವ ಹೊಣೆ ಅಪಘಾತದ ದಿನದಿಂದಲೇ ಶುರು ಎಂದೂ ಹೇಳಿತು. ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತಿರಬೇಕು.

ಮಂಜನಿಗೆ ಆಪರೇಷನ್ ಮಾಡಿದ ಡಾಕ್ಟರ್ ಎರಡು ತಾರೀಕು ತಪ್ಪಿಸಿ ಮೂರನೆಯದಕ್ಕೆ ಬಂದರು. ಪಾಟೀಸವಾಲಿನಲ್ಲಿ ಓನರ್ ಕಡೆಯ ವಿಮಾ ಕಂಪನಿ ವಕೀಲರು ಅದೇ ಗ್ರೈಂಡರಿನ ಹಾಳೆ ತೆಗೆದರು. ಡಾಕ್ಟರ್ ಹೇಳಿದ್ದು ಇಷ್ಟೇ: ‘ಗ್ರೈಂಡರ್ ಆದರೆ ಚರ್ಮ ಹರಿದು ಸುತ್ತಿಕೊಂಡಿರುತ್ತೆ. ಇದು ಮೇಲಿಂದ ಭಾರ ಬಿದ್ದು ಜಜ್ಜಿದ ಗಾಯ.’ ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಮೇಡಂ ಇನ್ನೇನೂ ಕೇಳಲಿಲ್ಲ, ಕೂತುಬಿಟ್ಟರು.

ನಡುವೆ ಲೋಕ ಅದಾಲತ್ತಿಗೆ ಕಳಿಸಿ ಎಂದು ಎದುರಿನವರು ಕೇಳಬಹುದು. ಬೇಗ ಮುಗಿಯುತ್ತದೆ ನಿಜ. ಅಲ್ಲಿ ಒಪ್ಪಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ ಎಂಬುದು ನೆನಪಿರಲಿ. ಅಸಲಿನ ಜೊತೆ ಬಡ್ಡಿಯಲ್ಲೂ ಒಂದಷ್ಟು ಸೇರಿಸಿ ಕೊಟ್ಟರೆ ನನ್ನ ಪ್ರಕಾರ ಒಪ್ಪಬಹುದು. ‘ಸುಮ್ನೆ ಮುಗಿಸಿಬಿಡಿ’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ, ಲೆಕ್ಕದ ಹಾಳೆ ಜೇಬಿನಲ್ಲಿರಲಿ.

ಆದೇಶ ಬಂದ ಮೇಲೆ

ಓನರ್ ಹೈಕೋರ್ಟಿಗೆ ಹೋಗಬೇಕಾದರೆ ಆದೇಶದ ಹಣವನ್ನು ಮೊದಲು ಠೇವಣಿ ಇಡಬೇಕು. ಆದ್ದರಿಂದ ಮೇಲ್ಮನವಿ ಎಂದ ಕೂಡಲೇ ಹೆದರಬೇಕಿಲ್ಲ. ಕೊಡದೇ ಕೂತರೆ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಿಸಲು ಅರ್ಜಿ ಹಾಕಬಹುದು. ದಂಡ ಹಾಕಿದ್ದರೆ ಅದನ್ನು ಓನರೇ ಕಟ್ಟಬೇಕು, ವಿಮಾ ಕಂಪನಿಯ ತಲೆಗೆ ಬರುವುದಿಲ್ಲ.

ಹಣ ಬರುವುದು ಗಾಯಾಳುವಿನ ಖಾತೆಗೆ. ಇಲ್ಲಿ ನಾವು ಒಂದು ತಿಂಗಳು ಸುಮ್ಮನೆ ಕಳೆದುಕೊಂಡೆವು. ಮಂಜನ ಪಾಸ್‌ಬುಕ್ಕಿನಲ್ಲಿ ಹೆಸರು ಮಂಜುನಾಥ, ಆಧಾರಿನಲ್ಲಿ ಮಂಜುನಾಥ್ ಜೊತೆಗೆ ಇನಿಷಿಯಲ್ಲು, ಅರ್ಜಿಯಲ್ಲಿ ಬರೀ ಮಂಜ. ಕಚೇರಿಯವರು ಕಾಗದ ವಾಪಸು ಕೊಟ್ಟರು, ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಅಂದರು. ಅರ್ಜಿ ಹಾಕುವ ದಿನವೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರ ನೋಡಿಕೊಳ್ಳಿ. ಸಹಿಯದೂ ಅಷ್ಟೇ. ಬಲಗೈ ಬೆರಳು ಹೋದ ಮೇಲೆ ಮಂಜನ ಸಹಿ ಬದಲಾಗಿತ್ತು. ಬ್ಯಾಂಕಿಗೆ ಹೋಗಿ ಎಡಗೈಯಲ್ಲಿ ಹೊಸ ಸಹಿ ಕೊಟ್ಟು ಬಂದ ಮೇಲೆಯೇ ಅವನಿಗೆ ಹಣ ತೆಗೆಯಲು ಆದದ್ದು.